ಹುಳಿ ನುಂಗುವ ಗಡಿಗೆ

ನನ್ನ ಅತ್ತೆ ಸತ್ತಾಗ ನನಗೆ ಇಪ್ಪತ್ತೆರಡು ವರ್ಷ. ಆ ಮಾತಿಗೆ ಈಗ ಅರವತ್ತು ವರ್ಷದ ಮೇಲಾಯಿತು. ಆಕೆಯ ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೂ ಹೆಸರು ಹಿಡಿದು ಕರೆದವರು ಕಡಿಮೆ. ನಮ್ಮೂರು ಧುಪದಾಳದವರಿಗೆಲ್ಲ ಆಕೆ ಕುಂಬಾರ ಆಯಿ. ಆಕೆಗೆ ನಾನು ಮೂಡಲಗಿ. ನನ್ನ ತವರೂರು ಮೂಡಲಗಿ, ಅದಕ್ಕೆ. ಮದುವೆಯಾಗಿ ಬಂದ ದಿನದಿಂದ ಕೊನೆಯ ತನಕ ಊರ ಹೆಸರಿನಿಂದಲೇ ಕೂಗಿದಳು. “ಏ ಮೂಡಲಗಿ, ನೀರ ತಾ.” “ಏ ಮೂಡಲಗಿ, ಕೂಸು ಅಳಾಕತ್ತೈತಿ, ನಿನಗ ಕಿವಿ ಅದಾವೋ ಇಲ್ಲೋ?”

ಆಕೆ ಒಳ್ಳೆಯವಳಿದ್ದಳೋ ಕೆಟ್ಟವಳಿದ್ದಳೋ ಎಂದು ಮಕ್ಕಳು ಕೇಳುತ್ತಾರೆ. ಅದನ್ನು ನೋಡುವಷ್ಟು ಪುರುಸೊತ್ತು ನಮಗೆ ಇರಲಿಲ್ಲ. ಮಣ್ಣು ಹೊರಬೇಕು, ತುಳಿಯಬೇಕು, ಕುಳ್ಳು ತಟ್ಟಬೇಕು, ಗಡಿಗೆ ಸುಡುವ ಆವಿಗೆ ಒಟ್ಟಬೇಕು. ಬೈದಳು, ಬೈಸಿಕೊಂಡೆ. ಕೈ ಎತ್ತಲಿಲ್ಲ. ಉಣ್ಣುವಾಗ ನನ್ನ ತಾಟಿನ ಕಡೆ ನೋಡಲಿಲ್ಲ. ಅತ್ತೆಯಾದವಳಿಗೆ ಅಷ್ಟು ಸಾಕು. ಆದರೆ ಸತ್ತ ಮೇಲೆ ನನ್ನನ್ನು ಬಿಡಲಿಲ್ಲ. ಮೊಮ್ಮಗಳು ಪೇಟೆಯಿಂದ ಚಹಾದ ಹೊಸ ಕಪ್ಪು ತಂದರೆ ನಾನು ಮೊದಲು ಅದರೊಳಗೆ ಬೆರಳು ಹಾಕಿ ಸುತ್ತ ತಿರುಗಿಸುತ್ತೇನೆ. ಜಾರಿದರೆ ಕುಡಿಯುತ್ತೇನೆ. ತಡೆದರೆ ಹಿತ್ತಲಿಗೆ ಒಯ್ದು ಒಡೆಯುತ್ತೇನೆ. ಮೊಮ್ಮಗಳಿಗೆ ಸಿಟ್ಟು ಬರುತ್ತದೆ, ಬರಲಿ. ಬೆರಳು ನನ್ನ ಕೈಯಲ್ಲಿದೆ, ಆದರೆ ಅದನ್ನು ತಿರುಗಿಸುವವಳು ಆಕೆ.

ನಮ್ಮ ಕಸುಬಿನಲ್ಲಿ ಗಡಿಗೆ ಎತ್ತುವ ಗಾಲಿ, ತಿಗರಿ, ಗಂಡಸರದು. ಹೆಂಗಸರು ಅದನ್ನು ಮುಟ್ಟುವ ಹಾಗಿಲ್ಲ. ಮಾವ ಸತ್ತ ಮೇಲೆ ನಮ್ಮವರು, ಎಂದರೆ ನನ್ನ ಗಂಡ, ತಿಗರಿಗೆ ಕುಳಿತರು. ಅವರು ಇಳಿಸಿದ ಹಸಿ ಗಡಿಗೆಯನ್ನು ಬಡಿದು ಹೊಟ್ಟೆ ಅಗಲ ಮಾಡುವುದು, ಕೆಮ್ಮಣ್ಣು ಬಳಿಯುವುದು, ಹೊಳೆಯ ಕಲ್ಲಿನಿಂದ ಉಜ್ಜಿ ನುಣುಪು ಮಾಡುವುದು ನಮ್ಮ ಪಾಲಿನ ಕೆಲಸ. ಅತ್ತೆ ಮಗನಿಗೆ ಕೇಳುವ ಹಾಗೆ ಹೇಳುತ್ತಿದ್ದಳು: “ಅವ ಎಲವ ಮಾಡತಾನ, ನಾ ತೊಗಲ ಹಚ್ಚತೇನಿ. ಬರೇ ಎಲವ ಯಾರ ಮನಿಗೆ ಒಯ್ಯತಾರ?” ನಮ್ಮವರು ನಕ್ಕು ತಿಗರಿಗೆ ಇನ್ನೊಂದು ಸುತ್ತು ಕೊಡುತ್ತಿದ್ದರು.

ನಾನು ಬಂದ ಹೊಸತರಲ್ಲಿ ಒಂದು ದಿನ ನನ್ನ ಸೆರಗನ್ನೇ ನನ್ನ ಕಣ್ಣಿಗೆ ಕಟ್ಟಿ, ಎರಡು ಕೈಗೆ ಎರಡು ಒಡೆದ ಚೂರು ಕೊಟ್ಟಳು. ಒಡೆದ ಗಡಿಗೆಯ ಚೂರಿಗೆ ನಮ್ಮ ಕಡೆ ಬೋಕಿ ಎನ್ನುತ್ತಾರೆ.

“ಯಾವ ಬೋಕಿ ನಮ್ಮ ಮನೀದು, ಹೇಳು.”

“ನನಗೇನ ಗೊತ್ರಿ ಅತ್ತಿ, ನಾ ಮೊನ್ನಿ ಬಂದೇನಿ.”

“ಮುಟ್ಟಿ ಹೇಳು. ಕಣ್ಣಿಗೆ ಕಂಡದ್ದನ್ನ ಹೇಳಾಕ ನೀನ ಯಾಕ ಬೇಕು?”

ಒಂದು ಬೆಕ್ಕಿನ ನಾಲಿಗೆಯ ಹಾಗೆ ತರಿತರಿ ಇತ್ತು. ಇನ್ನೊಂದು ನುಣ್ಣಗಿತ್ತು. ನುಣ್ಣಗಿದ್ದದ್ದನ್ನು ಎತ್ತಿ ತೋರಿಸಿದೆ.

“ಖರೆ ಹೇಳಿದಿ. ಆದ್ರ ಹೊರಗಿನ ಮೈ ಮುಟ್ಟಿ ಹೇಳಿದಿ. ಒಳಗ ಮುಟ್ಟು.”

ಒಳಗೆ ಸಣ್ಣ ಸಣ್ಣ ತಗ್ಗು ಇದ್ದವು. ಹೊರಗೆ ಬಡಿಯುವಾಗ ಒಳಗೆ ಆಕೆ ಒತ್ತಿ ಹಿಡಿದ ಕಲ್ಲಿನ ಗುರುತು, ಕಲ್ಲಿನ ಬಾಜೂಕ್ಕೆ ಆಕೆಯ ಬೆರಳಿನ ಗುರುತು. ನನ್ನ ಬೆರಳು ಆ ತಗ್ಗಿನಲ್ಲಿ ತಾನಾಗಿ ಹೋಗಿ ಕುಳಿತಿತು. ಮೈ ಜುಂ ಎಂದಿತು. ಆಕೆ ಎದುರಿಗೇ ಕುಳಿತಿದ್ದಾಳೆ, ಆಕೆಯ ಬೆರಳು ಬೋಕಿಯೊಳಗಿದೆ.

“ಹೊರಗಿಂದು ಮಂದಿಗೆ,” ಎಂದಳು. “ಒಳಗಿಂದು ನಮಗ. ನೆನಪಿಟಗೋ.”

ನೆನಪಿಟ್ಟುಕೊಂಡೆ. ಇಟ್ಟುಕೊಳ್ಳದಿದ್ದರೆ ಚಲೋ ಇರುತ್ತಿತ್ತೇನೋ.

ನಮ್ಮ ಕಡೆ ಮದುವೆಗೆ ಕುಂಬಾರರ ಮನೆಯಿಂದ ಬಣ್ಣ ಬರೆದ ಗಡಿಗೆ ಒಯ್ಯುತ್ತಾರೆ, ಐರಾಣಿ ಎಂದು. ಸುಣ್ಣ ಬಳಿದು ಅದರ ಮೇಲೆ ಗಿಳಿ, ಬಳ್ಳಿ, ಸೂರ್ಯ ಚಂದ್ರ ಬರೆಯುವುದು. ಆಕೆಯ ಕೈಯ ಐರಾಣಿಗೆ ಬೆಲ್ಲದ ಬಾಗೇವಾಡಿಯಿಂದಲೂ ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ಕೊನೆಯದಾಗಿ ಬರೆದದ್ದು ಘೋಡಗೇರಿಯ ಗೌಡರ ಮಗನ ಮದುವೆಗೆ. ಅದಾದ ಮೇಲೆ ಮಾವ ಸತ್ತರು. ಗಂಡ ಸತ್ತವಳು ಐರಾಣಿ ಮುಟ್ಟಬಾರದು. ಕುಂಚ ನನ್ನ ಕೈಗೆ ಬಂತು. ನಾನು ಬರೆಯುತ್ತಿದ್ದರೆ ಆಕೆ ದೂರ ಹಿತ್ತಲ ಬಾಗಿಲಲ್ಲಿ ಕುಳಿತು ನೋಡುತ್ತಿದ್ದಳು.

“ಏ ಮೂಡಲಗಿ, ಅದು ಗಿಳಿ ಏನ ಕೋಳಿ ಏನ?”

“ಗಿಳಿ ಅತ್ತಿ.”

“ಹಂಗಾರ ಅದರ ಕಿವ್ಯಾಗ ಒಂದ ಮಾತ ಹೇಳು. ಅದಕ್ಕ ಗೊತ್ತಿದ್ದಂಗಿಲ್ಲ.”

ನಗುತ್ತಿರಲಿಲ್ಲ. ತೊಡೆಯ ಮೇಲೆ ಆಕೆಯ ತೋರುಬೆರಳು ಬಳ್ಳಿ ಬರೆಯುತ್ತಿತ್ತು, ಆಕೆಗೇ ತಿಳಿಯದೆ. ಕೆಲಸವಿಲ್ಲದ ಆ ಕೈಯೇ ಮುಂದಿನದಕ್ಕೆಲ್ಲ ಕಾರಣ.

ಒಂದು ಬೇಸಿಗೆ ಊರ ಹೊಳೆಗೆ ಕಟ್ಟಿದ ಒಡ್ಡಿನ ಕೆಳಗೆ ನೀರು ಬತ್ತಿ ದಂಡೆಯ ಮಣ್ಣು ಮೇಲೆ ಬಿದ್ದಿತ್ತು. ಅಲ್ಲಿ ಅಗೆಯುವಾಗ ಆಕೆಗೆ ಒಂದು ಕೆಂಪು ಹಕ್ಕಳೆ ಸಿಕ್ಕಿತು, ರೊಟ್ಟಿಗಿಂತ ದಪ್ಪ. ಊರ ಹಣಮಪ್ಪನಿಗೆ ಎಣ್ಣೆಯಲ್ಲಿ ಕಲಸಿದ ಸಿಂಧೂರ ಬಳಿಯುತ್ತಾರೆ. ವರ್ಷಗಟ್ಟಲೆ ಬಳಿದದ್ದು ಒಮ್ಮೆ ತಾನಾಗಿ ಕಳಚಿ ಬೀಳುತ್ತದೆ. ಅದನ್ನು ಹೊಳೆಗೆ ಬಿಡುತ್ತಾರೆ. ಹಾಗೆ ಬಿಟ್ಟದ್ದು ಇದು. ಮನೆಯಲ್ಲಿ ಕೆಮ್ಮಣ್ಣು ಮುಗಿದಿತ್ತು. ಆಕೆ ಅದನ್ನು ಬೀಸುವ ಕಲ್ಲಿಗೆ ಹಾಕಿದಳು.

“ಅತ್ತಿ, ದೇವರದ ಅದು,” ಎಂದೆ.

“ದೇವರ ಬ್ಯಾಡಂತ ಕೆಳಗ ಒಗದಾನ. ಹೊಳಿನೂ ಬ್ಯಾಡಂತ ದಂಡಿಗೆ ಒಗದೈತಿ. ನಾ ಬೇಕಂತೇನಿ.”

ಒಂದು ಸಣ್ಣ ಗಡಿಗೆಗೆ ಬಳಿದು ಉಳಿದವುಗಳ ಜೊತೆ ಆವಿಗೆಗೆ ಇಟ್ಟಳು. ಆವಿಗೆ ತಣ್ಣಗಾಗಿ ಬಿಚ್ಚಿದಾಗ ಉಳಿದ ಗಡಿಗೆಗಳು ದಿನದ ಹಾಗೆ ಕೆಂಪಗಿದ್ದವು. ಆ ಒಂದು ಮಾತ್ರ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಬೂದಿ ಹಿಡಿದು, ನಡುನಡುವೆ ಥಳಥಳ ಹೊಳೆಯುತ್ತಿತ್ತು. ಆಕೆ ಕಣ್ಣು ಮುಚ್ಚಿ ಅದರ ಮೇಲೆ ಬೆರಳೆಳೆದಳು.

“ಹಸಿ ಐತಿ,” ಎಂದಳು.

“ಬೆಂಕ್ಯಾಗಿಂದ ಬಂದದ್ದು ಹಸಿ ಹೆಂಗ ಇರತೈತ್ರಿ?”

“ಮುಟ್ಟ ನೋಡು.”

ಮುಟ್ಟಿದೆ. ಒಣಗಿತ್ತು. ಆದರೆ ನೀರಿನಿಂದ ಈಗಷ್ಟೇ ತೆಗೆದ ಕಲ್ಲಿನ ಹಾಗೆ ಬೆರಳು ಜಾರಿತು. ಹಸಿ ಎಂದೇ ಅನ್ನಿಸಿತು. ಆಕೆ ಅವತ್ತು ಉಣ್ಣಲಿಲ್ಲ. ಆ ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು.

ಅಲ್ಲಿಂದ ಎರಡು ವರ್ಷ ಆ ಹೊಳಪಿನ ಬೆನ್ನು ಹತ್ತಿದಳು. ಗೋಕಾಕ ಸಂತೆಯಿಂದ ಸಿಂಧೂರ ತಂದಳು. ಹೊಳೆಯ ಬಿಳಿ ಮರಳನ್ನು ಹಿಟ್ಟಿನಷ್ಟು ಸಣ್ಣಗೆ ಬೀಸಿ ಅದಕ್ಕೆ ಸೇರಿಸಿದಳು. ಗಂಜಿ ಹಾಕಿ ಕಲಸಿದಳು, ಗಡಿಗೆಯ ಒಳಮೈಗೂ ಹೊರಮೈಗೂ ಅಂಟಲಿ ಎಂದು. ಹದ ಬಂತೋ ಇಲ್ಲವೋ ಎಂದು ಬೆರಳು ಅದ್ದಿ ನಾಲಿಗೆಯ ಮೇಲಿಟ್ಟು ನೋಡುವುದು ಆಕೆಯ ರೂಢಿ. ಬೀಸುವಾಗ ಮುಖ, ಹುಬ್ಬು, ಸೆರಗು ಎಲ್ಲ ಕೆಂಪಾಗುತ್ತಿತ್ತು. ಸಂತೆಯ ಅಂಗಡಿಯವನು ಕೇಳಿದ: “ಏನಬೇ ಆಯಿ, ನಿಮ್ಮ ಮನ್ಯಾಗ ಎಷ್ಟ ಮಂದಿ ಹಣಮಪ್ಪ ಅದಾರು?”

“ಒಬ್ಬ ಅದಾನ. ತಿಗರಿ ತಿರವತಾನ. ಬಾಲ ಇನ್ನಾ ಬಂದಿಲ್ಲ,” ಎಂದಳು.

ಮೊದಮೊದಲು ಗಡಿಗೆಗಳು ಆವಿಗೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಜೋಡಿ ಹೆಣದ ಹಾಗೆ ಹೊರಗೆ ಬರುತ್ತಿದ್ದವು. ಬಿಡಿಸಿದರೆ ಎರಡೂ ಒಡೆಯುತ್ತಿದ್ದವು. ಆಮೇಲೆ ಬೂದಿ ತಾಗದಿರಲೆಂದು ಪ್ರತಿ ಗಡಿಗೆಯನ್ನೂ ದೊಡ್ಡ ಹರವಿಯೊಳಗೆ ಇಟ್ಟಳು. ತಳಕ್ಕೆ ಮೂರು ಮೊನೆಯ ಮಣ್ಣಿನ ಕಾಲು ಮಾಡಿ ಅದರ ಮೇಲೆ ಕೂರಿಸಿದಳು. ಹಾಗಾಗಿ ಆಕೆಯ ಹೊಳೆಯುವ ಗಡಿಗೆಗಳ ತಳದಲ್ಲಿ ಮೂರು ಕಲೆ ಇರುತ್ತವೆ, ಮಾಗಿದ ಗಾಯದ ಹಾಗೆ. ಮುಟ್ಟಿದರೆ ತಿಳಿಯುತ್ತದೆ. ತಾಮ್ರದ ಪಾತ್ರೆ ಬಡಿಯುವ ತಂಬಟಗಾರನ ಹತ್ತಿರ ತಾಮ್ರದ ಪುಡಿ ತಂದು ಒಂದರ ಭುಜಕ್ಕೆ ಹಾಕಿದಳು. ಅದು ಬೆಂಕಿಯಲ್ಲಿ ಕರಗಿ ಗಿಳಿಹಸಿರಾಗಿ ಕೆಳಗೆ ಇಳಿದಿತ್ತು, ಹೊಟ್ಟೆಯ ಅರ್ಧದ ತನಕ. “ನೋಡಿದೇನ,” ಎಂದಳು, “ಯಾರೂ ಬರೀಲಿಲ್ಲ. ತಾನ ಇಳೀತು.” ಗಂಡ ಸತ್ತ ಮೇಲೆ ಆಕೆ ಹಲ್ಲು ತೋರಿಸಿ ನಕ್ಕದ್ದು ನಾನು ಕಂಡಂತೆ ಅದೊಂದೇ ಸಲ.

ಆ ಹಸಿರಿನ ಗಡಿಗೆಯನ್ನು ತಾನೇ ತಲೆಯ ಮೇಲಿಟ್ಟುಕೊಂಡು ಘೋಡಗೇರಿಯ ಗೌಡರ ಮನೆಗೆ ಒಯ್ದು ಕೊಟ್ಟಳು. ಆ ಮನೆಯ ಸೊಸೆಯ ಮದುವೆಗೇ ಆಕೆ ಕೊನೆಯ ಐರಾಣಿ ಬರೆದದ್ದು. ನಮ್ಮಲ್ಲಿ ಒಂದು ಪದ್ಧತಿ ಇದೆ. ಗಡಿಗೆ ಒಯ್ಯುವವರು ಒಂದು ಮುಷ್ಟಿ ಜೋಳವನ್ನು ಅದರೊಳಗೆ ಹಾಕಿ ನಮ್ಮ ಮೊರಕ್ಕೆ ಸುರಿಯಬೇಕು. ಸುರಿದರೆ ಗಡಿಗೆ ಅವರದು. ಸುರಿಯದಿದ್ದರೆ ಎಲ್ಲಿದ್ದರೂ ಅದು ಕುಂಬಾರನ ಮನೆಯದೇ.

“ಜ್ವಾಳ ಹಾಕಿಸಿಕೊಂಡಿ ಇಲ್ಲ?” ಎಂದು ನಮ್ಮವರು ಕೇಳಿದರು.

“ಮುಷ್ಟಿ ಜ್ವಾಳಕ್ಕ ಕೊಡೂ ಗಡಿಗಿ ಅಲ್ಲೋ ಅದು,” ಎಂದಳು.

ಊರವರು ಒಯ್ದ ಆ ಗಡಿಗೆಗಳಿಗೆ ಹೆಸರು ಬಂದದ್ದು ಹೊಳಪಿನಿಂದಲ್ಲ, ಮಜ್ಜಿಗೆಯಿಂದ. ಹುಳಿ ಮಜ್ಜಿಗೆಯನ್ನು ರಾತ್ರಿ ಹಾಕಿಟ್ಟರೆ ಮುಂಜಾನೆ ಹುಳಿ ಇಳಿದು ಸಿಹಿಯಾಗಿರುತ್ತಿತ್ತು. ಮಂದಿ ‘ಹುಳಿ ನುಂಗೂ ಗಡಿಗಿ’ ಎಂದರು. ಆಕೆಯ ಕೈಗುಣ ಎಂದರು. ನಮ್ಮ ಮನೆಯಲ್ಲೂ ಅದೇ ಮಜ್ಜಿಗೆ. ನನಗೆ ಮಾತ್ರ ಸೇರಲಿಲ್ಲ. ಮಜ್ಜಿಗೆ ಎಂದರೆ ಹುಳಿ ಇರಬೇಕು. ನಾನು ಹೊಳಪಿಲ್ಲದ ಕರಿ ಗಡಿಗೆಯಲ್ಲಿ ಬೇರೆ ಇಟ್ಟುಕೊಳ್ಳುತ್ತಿದ್ದೆ. “ಮೂಡಲಗಿಯವರ ನಾಲಿಗಿ ತೊಗಲಿಂದು,” ಎಂದು ಅತ್ತೆ ಆಡಿಕೊಂಡಳು. ನಾನು ಉಳಿದದ್ದು ಅದರಿಂದ. ಬೇರೆ ಯಾವ ಪುಣ್ಯದಿಂದಲೂ ಅಲ್ಲ.

ಆಗ ನನ್ನ ಮೊದಲನೆಯ ಮಗಳು ಹಾಲು ಬಿಟ್ಟಿದ್ದಳು. ಅತ್ತೆ ಆಕೆಗೆಂದು ಒಂದು ಗಿಂಡಿ ಮಾಡಿಸಿದಳು. ನಮ್ಮವರು ತಿಗರಿಯ ಮೇಲೆ ನಿಂಬೆಹಣ್ಣಿನಷ್ಟು ಹೊಟ್ಟೆ ಎತ್ತಿದರು, ಅತ್ತೆ ಅದಕ್ಕೆ ಸಣ್ಣ ಮೂತಿ ಇಟ್ಟು ಒಳಗೂ ಹೊರಗೂ ಹೊಳಪು ಕೊಟ್ಟಳು. ಕೂಸು ಅದನ್ನು ಕೈ ಬಿಡಲಿಲ್ಲ. ಖಾಲಿ ಇದ್ದರೂ ಅಂಚು ನೆಕ್ಕುತ್ತಿತ್ತು. ಬೆಲ್ಲ ಹಚ್ಚಿದ್ದಾಳೇನೋ ಎಂದು ನಾನೂ ನೆಕ್ಕಿ ನೋಡಿದೆ. ಬೆಲ್ಲ ಹಚ್ಚಿರಲಿಲ್ಲ. ಆದರೂ ಸಿಹಿ ಇತ್ತು.

ಕೂಸಿಗೆ ಹೊಟ್ಟೆ ಕಡಿತ ಶುರುವಾಯಿತು. ಮೊಣಕಾಲು ಹೊಟ್ಟೆಗೆ ಹಚ್ಚಿಕೊಂಡು ಅಳುತ್ತಿತ್ತು. ನಡೆಯುತ್ತಿದ್ದದ್ದು ಮತ್ತೆ ಅಂಬೆಗಾಲಿಟ್ಟಿತು. ನಮ್ಮವರಿಗೂ ಹೊಟ್ಟೆ ಹಿಂಡುತ್ತಿತ್ತು. ಅತ್ತೆಯ ಕೈಗಳು ಮಣಿಕಟ್ಟಿನಿಂದ ಕೆಳಗೆ ಜೋತು ಬೀಳತೊಡಗಿದವು. ಉಜ್ಜುವ ಕಲ್ಲು ಹಿಡಿದರೆ ಜಾರಿ ಬೀಳುತ್ತಿತ್ತು. ಎತ್ತಿಕೊಡುತ್ತಿದ್ದೆ. ಮತ್ತೆ ಬೀಳುತ್ತಿತ್ತು. ಊರವರು ಹಣಮಪ್ಪನ ಸಿಟ್ಟು ಎಂದರು. ದೇವರ ಮೈಮೇಲಿನದನ್ನು ಬೆಂಕಿಗೆ ಹಾಕಿದ್ದಾಳೆ, ಬಿಡುತ್ತಾನೆಯೇ. ಪೂಜಾರಿ ಹೇಳಿದ: ಶನಿವಾರಕ್ಕೊಮ್ಮೆ ನಿನ್ನ ಕೈಯಿಂದಲೇ ಸಿಂಧೂರ ಕಲಸಿ ತಂದು ಒಪ್ಪಿಸು, ತೀರ್ಥ ತಗೊಂಡು ಹೋಗಿ ಎಲ್ಲರಿಗೂ ಕುಡಿಸು. ಆಕೆ ನಂಬಿದಳು. ನಾನೂ ನಂಬಿದೆ. ಬೀಳುವ ಕೈಯಿಂದ ಸಿಂಧೂರ ಕಲಸಿದಳು. ಮೊಸರು ಹಾಕಿದ ತೀರ್ಥವನ್ನು ಹೊಳೆಯುವ ಗಡಿಗೆಯಲ್ಲೇ ತಂದಳು, ದೇವರಿಗೆ ಚಂದದ್ದು ಇರಲಿ ಎಂದು. ಅದನ್ನು ಕೂಸಿನ ಗಿಂಡಿಗೆ ಹಾಕಿ ಕುಡಿಸಿದೆವು.

ಕೂಸು ಸತ್ತಿತು. ಕೈಕಾಲು ಸೆಟೆದು, ಒಂದು ಮುಂಜಾನೆ. ಹೆಚ್ಚು ಬರೆಯಲು ಏನೂ ಇಲ್ಲ.

ಹೂತು ಬಂದ ಮೇಲೆ ಅದರ ಬಟ್ಟೆ ಬರೆ ಎಸೆದೆವು. ಗಿಂಡಿಯನ್ನು ಮಾತ್ರ ಅತ್ತೆ ಎಸೆಯಗೊಡಲಿಲ್ಲ. ಸಂಜೆಯ ಹೊತ್ತು ಕಟ್ಟೆಯ ಮೇಲೆ ಕುಳಿತು ಅದರ ಬಾಯಿಯೊಳಗೆ ಬೆರಳು ಹಾಕಿ ಕೆರೆಯುತ್ತಿದ್ದಳು. ಕರ್, ಕರ್. ಇಲಿ ಮೊರ ಕಡಿದ ಹಾಗೆ. “ಬಿಡ್ರಿ ಅತ್ತಿ,” ಎಂದರೆ ಕೇಳಿಸುತ್ತಿರಲಿಲ್ಲ. ಆ ಸದ್ದು ಈಗಲೂ ಬರುತ್ತದೆ. ಮನೆಯಲ್ಲಿ ಇಲಿ ಇಲ್ಲ, ಸಿಮೆಂಟಿನ ಮನೆ ಇದು. ಆದರೂ ಬರುತ್ತದೆ.

ಒಂದು ಮಧ್ಯಾಹ್ನ ಕೂಗಿದಳು. “ಏ ಮೂಡಲಗಿ, ಬಾ ಇಲ್ಲಿ. ಕಣ್ಣ ಮುಚ್ಚು. ಒಳಗ ಮುಟ್ಟು.”

ಗಿಂಡಿಯೊಳಗೆ ಬೆರಳು ಹಾಕಿದೆ. ತರಿತರಿ ಇತ್ತು.

“ನಾ ಹಿಂಗ ಮಾಡಿರಲಿಲ್ಲ,” ಎಂದಳು.

“ತೊಳದ ತೊಳದ ಸವದಿರಬೇಕ್ರಿ.”

“ಹೊರಗ ತೊಳದಿಲ್ಲೇನ? ಹೊರಗ ಯಾಕ ಸವದಿಲ್ಲ?”

ಹೊರಗೆ ಮೊದಲ ದಿನದ ಹಾಗೆಯೇ ಇತ್ತು. ಬೆರಳು ಜಾರಿತು.

“ಹೊಳಪು ಎಲ್ಲಿ ಹೋತು, ಹೇಳು.”

ಬೆರಳನ್ನು ಇನ್ನೊಮ್ಮೆ ಒಳಗೆ ಹಾಕಿದೆ.

“ಕುಡದೇವಿ,” ಎಂದಳು. “ಹುಳಿ ಅದನ್ನ ತಿಂತು, ನಾವು ಹುಳೀನ ಕುಡದೇವಿ. ಕೂಸಿಗೂ ಕುಡಿಸಿದೇವಿ.”

ಅಳಲಿಲ್ಲ. ನಾನೂ ಅಳಲಿಲ್ಲ. ಸಿಂಧೂರದಲ್ಲಿ ಸೀಸ ಇರುತ್ತದೆ, ಹುಳಿ ತಾಗಿದರೆ ಕರಗುತ್ತದೆ, ಹೊಟ್ಟೆಗೆ ಹೋದರೆ ವಿಷ ಎಂದು ನನಗೆ ಒಬ್ಬ ಡಾಕ್ಟರು ಹೇಳಿದ್ದು ಬಹಳ ವರ್ಷಗಳ ಮೇಲೆ. ಆಕೆಗೆ ಯಾರೂ ಹೇಳಲಿಲ್ಲ.

ಮನೆಯಲ್ಲಿದ್ದ ಹೊಳೆಯುವ ಗಡಿಗೆಗಳನ್ನೆಲ್ಲ ಅವತ್ತೇ ಒಡೆದಳು. ಕೈಗೆ ಎತ್ತುವ ಶಕ್ತಿ ಇರಲಿಲ್ಲ. ಮೊಣಕೈಯಿಂದ ಕಟ್ಟೆಯ ಅಂಚಿಗೆ ನೂಕಿ ಕೆಳಗೆ ಬೀಳಿಸುತ್ತಿದ್ದಳು. “ಬೋಕಿ ಆರಿಸು, ಒಂದೂ ಬಿಡಬ್ಯಾಡ. ಹೊಳೀತಾವಂತ ಹುಡುಗೂರು ಬಾಯಾಗ ಹಾಕ್ಕೋತಾವ.” ಆರಿಸಿ ಹಿತ್ತಲಲ್ಲಿ ತಗ್ಗು ತೋಡಿ ಹುಗಿದೆ. ಆಮೇಲೆ ಮನೆ ಮನೆ ತಿರುಗಿದೆವು. ಹೊಳೆಯುವ ಒಂದನ್ನು ಕೊಡಿ, ಸಾದಾ ಗಡಿಗೆ ಎರಡು ತಗೊಳ್ಳಿ ಎಂದೆವು. ಕೆಲವರು ಹೊಟ್ಟೆನೋವು ನೆನಪಾಗಿ ಕೊಟ್ಟರು, ಕೆಲವರು ಎರಡು ಸಿಗುತ್ತವೆ ಎಂದು ಕೊಟ್ಟರು. ಮಗು ಸತ್ತು ಕುಂಬಾರ ಆಯಿಗೆ ತಲೆ ಕೆಟ್ಟಿದೆ ಎಂದು ಎಲ್ಲರೂ ಅಂದರು. ಅನ್ನಲಿ, ಗಡಿಗೆ ಕೊಟ್ಟರಲ್ಲ.

ಉಳಿದದ್ದು ಘೋಡಗೇರಿಯ ಹಸಿರಿನ ಗಡಿಗೆ.

ಗೌಡಸಾನಿ ಕಟ್ಟೆಯ ಮೇಲೆ ಕುಳಿತು ಅಡಿಕೆ ಕತ್ತರಿಸುತ್ತಿದ್ದಳು. ಅತ್ತೆ ಕೆಳಗೆ ನಿಂತು ಕೇಳಿದಳು. “ಅದರ ಹೊಳಪು ಹೊಟ್ಟಿಗೆ ಹೋಗತೈತ್ರಿ ಅವ್ವಾರ. ನನ್ನ ಮೊಮ್ಮಗಳ ಸತ್ತಳು.”

“ಕೊಟ್ಟದ್ದನ್ನ ಮರಳಿ ಕೇಳಾಕ ಬಂದೀಯಲ್ಲ. ಯಾರ ಹೆಚ್ಚಿಗಿ ಕೊಡತೇನಂದಾರ, ಖರೆ ಹೇಳು.”

“ಹಂಗಲ್ರಿ. ಒಡ್ಯಾಕ ಬೇಕ್ರಿ.”

“ನನ್ನ ಸೊಸಿ ಹೊಟ್ಟ್ಯಾಗ ನಿಲ್ಲೂದ ಅದೊಂದ ಮಜ್ಜಿಗಿ. ಎರಡು ಸಲ ಬಸರ ಇಳದೈತಿ ಆಕೀದು. ಈ ಸಲಾರ ಉಳೀಲಿ ಅಂತ ಅದನ್ನ ಕುಡಿಸಾಕತ್ತೇನಿ. ನಡೀರಿ.”

ಸೊಸೆ ಬಾಗಿಲ ಸಂದಿನಲ್ಲಿ ನಿಂತಿದ್ದಳು, ನನ್ನ ವಾರಿಗೆಯವಳು. ಅತ್ತೆಯನ್ನು ನೋಡಿ ನಕ್ಕಳು, ಐರಾಣಿ ಬರೆದವಳು ಎಂಬ ಗುರುತಿನಿಂದ. ನಾವು ತಿರುಗಿ ಹೊರಟೆವು. ಹೊಳೆ ದಾಟಿದೆವು.

“ಆ ಹುಡುಗಿ ಒಸಡ ನೋಡಿದೇನ?” ಎಂದಳು ಆಮೇಲೆ.

“ನೋಡೇನಿ. ನೀಲಿ ಗೆರಿ ಐತಿ.”

“ನಂದ ನೋಡು.”

ದಾರಿಯಲ್ಲಿ ನಿಂತು ಬಾಯಿ ತೆರೆದಳು. ಹಲ್ಲಿನ ಬುಡಕ್ಕೆ ಅದೇ ನೀಲಿ ಗೆರೆ, ಸಣ್ಣ ಕುಂಚದಿಂದ ಎಳೆದ ಹಾಗೆ.

ಆಮೇಲೆ ಮೇಲಿಂದ ಮೇಲೆ ಒಬ್ಬಳೇ ಹೋದಳು. ನಮ್ಮವರು ಬೈದರು, ಬಾಗಿಲಿಗೆ ಅಡ್ಡ ಕುಳಿತರು. ಹಿತ್ತಲಿನಿಂದ ಹೋದಳು. ಗೌಡರ ಆಳುಗಳು ಅಗಸಿ ಬಾಗಿಲಲ್ಲೇ ತಡೆದು ಕಳಿಸುತ್ತಿದ್ದರು. ಕೊನೆಯ ಸಲ ದಾರಿಯಲ್ಲಿ ಕೈಕಾಲು ಸೆಟೆದು ಬಿದ್ದಳಂತೆ, ಕೂಸಿಗೆ ಆದ ಹಾಗೆಯೇ. ಕಬ್ಬಿನ ಬಂಡಿಯವರು ಹೇರಿಕೊಂಡು ತಂದು ಇಳಿಸಿದರು. ಒಂದು ದಿನ ಹಾಗೇ ಇದ್ದಳು. ನಡುನಡುವೆ ಎಚ್ಚರಾದಾಗ ಒಂದೇ ಮಾತು.

“ಜ್ವಾಳ ಹಾಕಿಲ್ಲ, ಮೂಡಲಗಿ. ಅವರ ಜ್ವಾಳ ಹಾಕಿಲ್ಲ.”

“ಹೂಂ ಅತ್ತಿ, ಹಾಕಿಲ್ಲ.”

“ಅದು ನಮ್ಮದ ಐತಿ.”

ಬಡಬಡಿಸುತ್ತಾಳೆ ಎಂದುಕೊಂಡೆ. ಮಧ್ಯಾಹ್ನ ಜೀವ ಹೋಯಿತು. ಹೊತ್ತು ಮುಳುಗುವ ಮೊದಲು ಹೂತು ಬಂದರು. ನಮ್ಮಲ್ಲಿ ಸುಡುವುದಿಲ್ಲ.

ಹೆಣ ಎತ್ತಿದ ಮೇಲೆ ಆ ಮನೆಯ ಮಣ್ಣಿನ ಗಡಿಗೆ ಇಟ್ಟುಕೊಳ್ಳುವ ಹಾಗಿಲ್ಲ, ಸೂತಕ ಹಿಡಿದಿರುತ್ತದೆ. ಓಣಿಯ ಹೆಂಗಸರು ನೀರಿನ ಹರವಿ, ಹಿಟ್ಟಿನ ಗಡಿಗೆ, ನನ್ನ ಹುಳಿ ಮಜ್ಜಿಗೆಯ ಕರಿ ಗಡಿಗೆ ಎಲ್ಲ ಹೊರಗೆ ತಂದು ಒಡೆಯತೊಡಗಿದರು. ಒಬ್ಬಳು ಕೇಳಿದಳು: “ನಿಮ್ಮ ಮನೀವು ಎಲ್ಲಾ ಬಂದುವೇನವಾ? ಯಾವುದೂ ಉಳದಿಲ್ಲಲ್ಲ?”

“ಒಂದ ಉಳದೈತಿ,” ಎಂದೆ. ಬಾಯಿಂದ ಬಂದ ಮೇಲೆ ನನಗೆ ತಿಳಿಯಿತು ಅತ್ತೆ ಏನು ಹೇಳುತ್ತಿದ್ದಳೆಂದು.

ಮರುದಿನ ಮುಂಜಾನೆ ಒಲೆ ಹಚ್ಚುವ ಕೆಲಸ ಇರಲಿಲ್ಲ. ಎದ್ದು ನೆಟ್ಟಗೆ ಘೋಡಗೇರಿಗೆ ನಡೆದೆ. ಬಿಚ್ಚಿದ ತಲೆ, ಹಳೆಯ ಸೀರೆ, ಸತ್ತ ಮನೆಯವಳು ಎಂದು ಯಾರಿಗಾದರೂ ಕಾಣುತ್ತಿತ್ತು. ಅಗಸಿಯಲ್ಲಿ ಆಳುಗಳು ತಡೆಯಲು ಬಂದವರು ಮೈ ತಾಗೀತೆಂದು ಬಾಜೂ ಸರಿದರು. ಗೌಡಸಾನಿ ಕಟ್ಟೆಯ ಮೇಲಿನಿಂದಲೇ ಕೈ ಅಡ್ಡ ಹಿಡಿದಳು.

“ಅಲ್ಲೇ ನಿಂದರು. ಸೂತಕದಾಕಿ ನಮ್ಮ ಅಂಗಳಕ್ಕ ಬರಬ್ಯಾಡ.”

“ನಾ ಬರೂದ ಬ್ಯಾಡ್ರಿ ಅವ್ವಾರ. ಸೂತಕ ಆಗಲೇ ನಿಮ್ಮ ಅಡಗಿಮನ್ಯಾಗ ಕುಂತೈತಿ.”

“ಏನಂದಿ?”

“ಆ ಗಡಿಗಿಗೆ ನೀವು ಜ್ವಾಳ ಹಾಕಿಲ್ಲ. ನಮ್ಮ ಮನಿ ಗಡಿಗಿ ಅದು. ನಮ್ಮ ಮನ್ಯಾಗ ನಿನ್ನಿ ಹೆಣ ಬಿದ್ದೈತಿ. ಎಲ್ಲಾ ಒಡದೇವಿ, ನಿಮ್ಮ ಮನ್ಯಾಗಿಂದ ಒಂದ ಉಳದೈತಿ.”

ಗೌಡಸಾನಿಯ ಕೈಯ ಅಡಕತ್ತರಿ ನಿಂತಿತು. ಒಳಗೊಳಗೇ ಲೆಕ್ಕ ಹಾಕಿದಳು. “ಈಗ ಹಾಕತೇನಿ ಜ್ವಾಳ. ಮುಷ್ಟಿ ಯಾಕ, ಮೊರ ತುಂಬ ಕೊಡತೇನಿ, ಒಯ್ಯಿ.”

“ಸೂತಕದಾಗ ಕಾಳ ಹಿಡಿಯಂಗಿಲ್ರಿ.”

ಅದು ಆಕೆಗೂ ಗೊತ್ತಿತ್ತು. ಬಸುರಿ ಸೊಸೆ ಇರುವ ಮನೆ, ಒಳಗೆ ದೇವರ ಜಗಲಿ. ಕೆಲಸದವಳನ್ನು ಕರೆದು ಗಡಿಗೆ ತಂದು ಹೊರಗೆ ಒಗೆ ಎಂದಳು. ಕೆಲಸದವಳು ಎರಡು ಹೆಜ್ಜೆ ಹಿಂದೆ ಸರಿದಳು. “ನಾ ಒಲ್ಲೆರಿ ಅವ್ವಾರ. ನಮ್ಮ ಮನ್ಯಾಗ ಸಣ್ಣ ಹುಡುಗೂರು ಅದಾವು.” ಆಳುಗಳು ನೆಲ ನೋಡಿದರು. ನಾನು ಒಳಗೆ ಹೋಗುವ ಹಾಗಿಲ್ಲ, ಅವರು ಮುಟ್ಟುವ ಹಾಗಿಲ್ಲ. ಹೀಗೆ ಎಲ್ಲರೂ ನಿಂತೆವು.

ಆಗ ಸೊಸೆ ತಾನೇ ಗಡಿಗೆ ಹಿಡಿದು ಹೊರಗೆ ಬಂದಳು. ಹೊಟ್ಟೆ ಸೀರೆಯೊಳಗೆ ಈಗಷ್ಟೇ ಕಾಣುತ್ತಿತ್ತು. “ಹೆಂಗೂ ಮುಂಜಾನೆ ಮುಟ್ಟೇನ್ರಿ ಅತ್ತಿ,” ಎಂದಳು ಗೌಡಸಾನಿಗೆ. “ಈಗ ಮತ್ತ ಮುಟ್ಟಿದ್ರ ಏನ ಆಗತೈತಿ.” ಮಣಿಕಟ್ಟು ಸೋಲುತ್ತಿದ್ದದ್ದು ಕಂಡಿತು. ಗಡಿಗೆಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ಹೊಸ್ತಿಲ ಹೊರಗೆ ಇಟ್ಟು ಹಿಂದೆ ಸರಿದಳು. ಅರ್ಧ ಮಜ್ಜಿಗೆ ಇತ್ತು. ನಾನು ಅಲ್ಲೇ ಮಣ್ಣಿಗೆ ಸುರಿದೆ. ನಾಯಿ ನೆಕ್ಕಲು ಬಂತು, ಕಲ್ಲು ಒಗೆದು ಓಡಿಸಿದೆ, ಕಾಲಿಂದ ಮಣ್ಣು ಎಳೆದು ಮುಚ್ಚಿದೆ.

“ಇನ್ನ ಮ್ಯಾಲ ಹುಳಿ ಇದ್ದದ್ದ ಕುಡಿಯವಾ,” ಎಂದೆ ಸೊಸೆಗೆ. “ಕರಿ ಗಡಿಗ್ಯಾಗಿಂದು.”

ಆಕೆ ಹೂಂ ಎಂದಳು. ಗೌಡಸಾನಿ ನೀರು ತಾ, ಗೋಮೂತ್ರ ತಾ ಎಂದು ಕೂಗುತ್ತಿದ್ದಳು.

ದಾರಿಯಲ್ಲಿ ಒಡೆಯಲಿಲ್ಲ. ಬೋಕಿ ಎಲ್ಲೆಂದರಲ್ಲಿ ಬಿದ್ದರೆ ಹುಡುಗರು ಆರಿಸುತ್ತಾರೆ. ಹೊಳೆ ದಾಟಿ, ಊರೊಳಗೆ ಹೋಗದೆ, ಸುಡುಗಾಡಿನ ಕಡೆ ಹೋದೆ. ಅತ್ತೆಯ ಗುಂಡಿಯ ಹತ್ತಿರ ಕುಳಿತು ಗಡಿಗೆಯ ತಳ ಮುಟ್ಟಿದೆ. ಮೂರು ಕಲೆ ಇದ್ದವು. ಕಣ್ಣು ಮುಚ್ಚಿ ಒಳಗೆ ಕೈ ಹಾಕಿದೆ. ಕೊರಳಿನ ಹತ್ತಿರ ಬೆರಳು ಜಾರಿತು. ಕೆಳಗೆ, ಮಜ್ಜಿಗೆ ನಿಲ್ಲುವ ಕಡೆ, ತರಿತರಿ ಇತ್ತು, ಬೆಕ್ಕಿನ ನಾಲಿಗೆಯ ಹಾಗೆ. ಆ ತರಿಯ ಕೆಳಗೆ ಆಕೆಯ ಬೆರಳಿನ ತಗ್ಗುಗಳು ಸಾಲಾಗಿ ಸಿಕ್ಕವು. ನನ್ನ ಬೆರಳು ಅದರಲ್ಲಿ ಕೂರುವ ಮೊದಲು ಕೈ ಹೊರಗೆ ತೆಗೆದೆ.

ಹೊರಗಿನ ಹಸಿರು ಬಿಸಿಲಿಗೆ ಹಸಿ ಹಸಿಯಾಗಿ ಹೊಳೆಯುತ್ತಿತ್ತು. ಕಲ್ಲಿನಿಂದ ಒಡೆದೆ. ಸಲಿಕೆ ತಂದಿರಲಿಲ್ಲ, ಅಲ್ಲೆಲ್ಲ ಸಡಿಲ ಇದ್ದದ್ದು ಆಕೆಯ ಮೇಲಿನ ಮಣ್ಣೊಂದೇ. ಕೈಯಿಂದಲೇ ತೋಡಿ, ಬೋಕಿಗಳನ್ನು ಒಂದೊಂದಾಗಿ ಇಟ್ಟು ಮುಚ್ಚಿದೆ. ಆಮೇಲೆ ಸುತ್ತಲಿನ ನೆಲವನ್ನು ಅಂಗೈಯಿಂದ ಸವರುತ್ತ ಹೋದೆ, ಒಂದು ಚೂರೂ ಕೈಗೆ ಹತ್ತದ ತನಕ.